ಬರಲು ಐದು ತಾಸು, ಹೋಗಲು ಎರಡು

ಆನೆಕೊಂಡ, ದಾವಣಗೆರೆ
೮ ಜನವರಿ ೨೦೨೬, ಗುರುವಾರ

ಅಣ್ಣ ಅಂಜನಕುಮಾರನಿಗೆ ತಂಗಿ ಆಶಾರಾಣಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತು, ದೀರ್ಘ ಎಲ್ಲ ತಪ್ಪಿರುತ್ತವೆ, ಕ್ಷಮಿಸು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಈ ಕಾಗದವನ್ನು ಯುಗಾದಿ ಹೊತ್ತಿಗೇ ಬರೆಯಬೇಕಿತ್ತು, ಒಂಬತ್ತು ತಿಂಗಳು ತಡವಾಯಿತು. ಅದಕ್ಕೂ ಕ್ಷಮಿಸು. ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು. ಮುಂದೆ ಎಲ್ಲೂ ಕೇಳುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ನಗಬಹುದು. ಫೋನಿನಲ್ಲಿ ನಾನು ಹೇಗೆ ಮಾತಾಡುತ್ತೇನೆ ಅಂತ ನಿನಗೆ ಗೊತ್ತು. ಹೂಂ, ಹಾಂ, ಆಯ್ತಣ್ಣ. ಆ ಕಡೆ ನೀನು ಡ್ರಿಲ್ ಮಿಷನ್ನಿನ ಸದ್ದಿನಲ್ಲಿ ಕೂಗುತ್ತೀಯ, ಈ ಕಡೆ ನಮ್ಮ ಅತ್ತೆ ಕಿವಿ ಕೊಟ್ಟು ಕೂತಿರುತ್ತಾರೆ. ನೀನು ಫೋನ್ ಇಟ್ಟ ಮೇಲೆ ನಾನು ಬಚ್ಚಲಿಗೆ ಹೋಗಿ ನಿಂತು, ಹೇಳಬೇಕಾಗಿದ್ದನ್ನೆಲ್ಲ ಒಬ್ಬಳೇ ಹೇಳಿಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ನಮ್ಮ ಬಚ್ಚಲ ಗೋಡೆಗೆ ಎಲ್ಲ ಗೊತ್ತು. ಈ ಸಲ ನಿನಗೂ ಗೊತ್ತಾಗಲಿ.

ನಿಮ್ಮ ಕಂಪನಿಯವನೇ ಒಬ್ಬ, ಪಾಲಯ್ಯ ಎಂಬುವವನು, ರಜೆಯ ಮೇಲೆ ಬಂದಿದ್ದಾನಂತೆ. ಭಾನುವಾರ ಮಸ್ಕತ್ತಿಗೆ ವಾಪಸ್ ಹೊರಡುತ್ತಾನಂತೆ. ನಾನು ಇನ್ನೂ ಅವನನ್ನು ನೋಡಿಲ್ಲ. ಟಿಕೆಟ್ಟಿನ ಕಾಗದ ತೆಗೆಸಲು ತಾರಿಕ್‌ನ ಜೆರಾಕ್ಸ್ ಅಂಗಡಿಗೆ ಬಂದಿದ್ದನಂತೆ, ತಾರಿಕ್ ನನಗೆ ತಿಳಿಸಿದ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಜೊತೆಗೆ ಒಂದು ಚೀಲ ಮಂಡಕ್ಕಿ ಇದೆ. ಅದು ಪ್ರೀತಿಯಿಂದ ಕಳಿಸಿದ್ದಲ್ಲ. ಬರೀ ಕಾಗದ ಹೊತ್ತುಕೊಂಡು ಹೋಗು ಅಂತ ಗುರುತಿಲ್ಲದವನಿಗೆ ಹೇಗೆ ಹೇಳಲಿ?

ಮೊದಲು ಮನೆಯ ಸುದ್ದಿ. ನಾನು ಈಗಲೂ ಮಂಡಕ್ಕಿ ಭಟ್ಟಿಗೇ ಹೋಗುತ್ತಿದ್ದೇನೆ, ಅಮೀನಾಬೀ ಜರಡಿ ಹಿಡಿಯುತ್ತಾರೆ, ನಾನು ಚೀಲ ತುಂಬುತ್ತೇನೆ. ತಾರಿಕ್ ಅವರ ಮಗನೇ. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಕೊಂಡು, ರೈಲು ವಿಮಾನದ ಟಿಕೆಟ್ ತೆಗೆದುಕೊಡುತ್ತಾನೆ. ನಮ್ಮ ಮನೆಯವರು ಅದೇ ಗೂಡ್ಸ್ ಆಟೋ ಓಡಿಸುತ್ತಿದ್ದಾರೆ. ನಿನ್ನ ಸುದ್ದಿ ಬಂದರೆ, 'ನಿಮ್ಮಣ್ಣ ಬರೋ ಹೊತ್ತಿಗೆ ನಮ್ ಕೂಸಿನ ಮದುವೇನೂ ಆಗಿರ್ತದೆ ತಗಾ' ಎಂದು ಹೇಳಿ ಆಟೋ ಒರೆಸಲು ಹೋಗುತ್ತಾರೆ. ಇಲ್ಲಿ ತನಕ ಅದನ್ನು ತಮಾಷೆ ಅಂದುಕೊಂಡಿದ್ದೆ.

ಈಗ ಮಗಳು ಸಿಂಚನಾಳ ವಿಷಯ. ಇಡೀ ಕಾಗದ ಅದಕ್ಕಾಗಿಯೇ.

ಅವಳಿಗೆ ಇನ್ನೂ ಜವಳ ಆಗಿಲ್ಲ. ಹುಟ್ಟಿದ ಕೂದಲು ಹಾಗೇ ಇದೆ. ಮೊದಲ ಕುಚ್ಚನ್ನು ಸೋದರಮಾವ ತನ್ನ ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿಸಬೇಕು, ಆಮೇಲೆ ಉಳಿದದ್ದನ್ನು ಕ್ಷೌರದವರು ತೆಗೆಯಬೇಕು. ಅಲ್ಲಿಯವರೆಗೆ ಆ ತಲೆಗೆ ಕತ್ತರಿ ಮುಟ್ಟಿಸುವಂತಿಲ್ಲ. ಇದು ನಾನು ಮಾಡಿದ ಕಟ್ಟಳೆಯಲ್ಲ. ನಿನ್ನ ಜವಳದ ದಿನ ಮಾವನ ತೊಡೆ ಒದ್ದೆ ಮಾಡಿದ್ದೆ ಎಂದು ಅವ್ವ ಸಾಯುವತನಕ ಹೇಳಿ ನಗುತ್ತಿದ್ದಳು.

ಬೆಸ ವರ್ಷದಲ್ಲೇ ಆಗಬೇಕು. ಒಂದನೇ ವರ್ಷ ಕೇಳಿದೆ. ನೀನು, 'ಈಗಷ್ಟೇ ಬಂದೀನಿ, ಎರಡು ವರ್ಷ ಬಿಡಂಗಿಲ್ಲ' ಅಂದೆ. ನ್ಯಾಯವೇ ಅನ್ನಿಸಿತು. ಮೂರನೇ ವರ್ಷ ಕೇಳಿದೆ. ಆಗ ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. 'ಆಶಾ, ಬರೋಕೆ ಎರಡು ದಿನ, ಹೋಗೋಕೆ ಎರಡು ದಿನ. ನಾಲ್ಕು ದಿನ ದಾರಿಯಾಗೇ ಹೋಗ್ತದೆ. ಒಂದು ಕುಚ್ಚು ಕೂದ್ಲಿಗೆ ಯಾರು ಬರ್ತಾರೆ ಅಷ್ಟು ದೂರ? ಇದೇನು ಕುಕ್ಕುವಾಡದಿಂದ ದಾವಣಗೆರೆಗೆ ಬಂದಂಗಾ?'

ನಾನು ನಂಬಿದೆ. ಸಮುದ್ರ ದಾಟಬೇಕು, ಎರಡು ದಿನ ಬೇಕೇ ಬೇಕು ಅಂದುಕೊಂಡೆ. ಅಷ್ಟು ಹೊತ್ತು ಊಟಕ್ಕೆ ಏನು ಮಾಡುತ್ತಾನೋ ಪಾಪ ಎಂದು ಮರುಗಿದೆ ಕೂಡ. ನನ್ನಂಥ ದಡ್ಡಿ ಇಲ್ಲ.

ನಡುವೆ ನೀನು ಊರಿಗೆ ಬಂದು ಹೋದದ್ದು ನಾಲ್ಕನೇ ವರ್ಷ, ಸಮ ವರ್ಷದಲ್ಲಿ ಜವಳ ಆಗುವಂತಿಲ್ಲ. ಈಗ ಐದನೇ ವರ್ಷ ನಡೆಯುತ್ತಿದೆ. ಮಾರ್ಚ್ ಬಂದರೆ ಅದೂ ಮುಗಿಯಿತು.

ಏಳರಲ್ಲಿ ಮಾಡಿದರಾಯಿತು ಎಂದು ನೀನು ಹೇಳಬಹುದು. ಹೇಳಬೇಡ. ಹೋದ ಯುಗಾದಿ ಮುಂಚೆ ಅವಳಿಗೆ ಇಪ್ಪತ್ತು ದಿನ ಜ್ವರ ಬಂತು. ಮೊದಲೇ ಗುಂಗುರು ಕೂದಲು. ಮಲಗಿದಲ್ಲೇ ಮಲಗಿ ಹಿಂದಲೆಯಲ್ಲಿ ಗಂಟು ಕಟ್ಟಿತು. ನಾನು ಬೆಳಿಗ್ಗೆ ಭಟ್ಟಿಗೆ ಹೋದರೆ ಬರುವುದು ಸಂಜೆ. ಹಗಲು ನೋಡಿಕೊಳ್ಳುವವರು ನಮ್ಮ ಅತ್ತೆ ಮಾರೆಮ್ಮ. ಬಾಚಿದರೆ ಮಗು ಚೀರುತ್ತದೆ ಎಂದು ಬಾಚಲಿಲ್ಲ. ನಾನು ಮೈತುಂಬ ಭಟ್ಟಿಯ ಮಸಿ ಹೊತ್ತು ಬಂದು ಎತ್ತಿಕೊಳ್ಳುತ್ತಿದ್ದೆ, ಅದೂ ಸೇರಿತು. ಗಂಟಿಗೆ ಗಂಟು ಕೂಡಿ ಈಗ ಮೂರು ಜಡೆ ಆಗಿವೆ. ಮುಟ್ಟಿದರೆ ತೆಂಗಿನ ಹಗ್ಗ ಮುಟ್ಟಿದ ಹಾಗೆ.

ಮೊದಲ ಜಡೆ ಕಂಡ ದಿನ ಅತ್ತೆ ಅರಿಶಿನ ಹಚ್ಚಿದರು. 'ಅಮ್ಮ ಬಂದಾಳೆ' ಅಂದರು.

'ಅತ್ತೆ, ಅದು ಗಂಟು. ಬಿಡಿಸಿದ್ರೆ ಹೋಗ್ತದೆ' ಅಂದೆ.

'ನೀನೇನು ಬಿಡಿಸ್ತೀಯೇ? ಅಮ್ಮ ಮುನಿದ್ರೆ ಏನಾಗ್ತದೆ ಅಂತ ನನಗೆ ಗೊತ್ತೈತೆ. ನಿನಗೆ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ.'

ಅತ್ತೆ ಕೆಟ್ಟವರಲ್ಲ. ಅವರ ಚೊಚ್ಚಲ ಮಗಳು ಜ್ವರದಲ್ಲೇ ಹೋದಳಂತೆ, ಇದೇ ವಯಸ್ಸಿಗೆ. ಸಿಂಚನಾ ಬದುಕಿದ್ದು ಅಮ್ಮ ತಲೆಯ ಮೇಲೆ ಕೂತದ್ದಕ್ಕೇ ಎಂದು ಅವರು ನಿಜವಾಗಿ ನಂಬಿದ್ದಾರೆ. ಆ ನಂಬಿಕೆಯ ಎದುರು ನಾನು ಏನು ಮಾತಾಡಲಿ? ಅಂಗನವಾಡಿಯ ನೀಲಕ್ಕ ಎರಡು ಸಲ ಮನೆಗೆ ಬಂದು ಹೇಳಿದರು. 'ಶಾಲೆಗೆ ಹಾಕೋದ್ರೊಳಗೆ ತೆಗೆಸಿಬಿಡ್ರಿ. ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಹೇನು ಅದಾವೆ ಅಷ್ಟೇ. ಹೆಣ್ಣುಮಗೂನ ದೇವರಿಗೆ ಬಿಡೋ ಮಾತಾಡಿದ್ರೆ ಕೇಸ್ ಆಗ್ತದೆ ನೋಡ್ರಿ.' ಅತ್ತೆ ಅವರಿಗೆ ಚಹಾ ಕೊಟ್ಟು, 'ಬಿಡ್ತೀವಿ ಅಂತ ಯಾರಂದ್ರವ್ವ? ಭರತ ಹುಣ್ಣಿಮೆಗೆ ಅಮ್ಮನ ಗುಡ್ಡಕ್ಕೆ ಹೋಗಿ ಬರೀ ಕೇಳ್ಕೊಂಡು ಬರೋದು' ಎಂದರು.

ಬರೀ ಕೇಳಿಕೊಂಡು ಬರುವುದು. ಅಣ್ಣ, ಹಾಗೆ ಕೇಳಿಕೊಂಡು ಬಂದವರು ನಮ್ಮ ಸಂಬಂಧದಲ್ಲೇ ಇದ್ದರಲ್ಲ? ಅವ್ವನ ಚಿಕ್ಕಮ್ಮ, ಜಡೆ ಬಂತೆಂದು ದೇವರಿಗೆ ಬಿಟ್ಟವಳು. ಜಡೆ ಅಜ್ಜಿ ಬಂದಳು ಎಂದು ನೀನು ಕಣಜದ ಹಿಂದೆ ಅಡಗುತ್ತಿದ್ದೆ. ಆಕೆಗೆ ಮೂರು ಮಕ್ಕಳು, ಮೂವರ ಶಾಲೆಯ ಕಾಗದದಲ್ಲೂ ಅಪ್ಪನ ಹೆಸರಿನ ಜಾಗ ಖಾಲಿ. ನಮ್ಮ ಮನೆಗೆ ಬಂದರೆ ಬಾಗಿಲ ಹತ್ತಿರವೇ ಕೂತು ಉಂಡು ಎದ್ದು ಹೋಗುತ್ತಿದ್ದಳು. ಅವಳು ಹೋದ ಮೇಲೆ ಅವ್ವ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು. 'ಅದು ದೇವರ ಜಡೆ ಅಲ್ಲ. ಯಾರೂ ಬಾಚದೆ ಬಿಟ್ಟ ತಲೆ.'

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬ ಮುದುಕಿ ಸಿಂಚನಾಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟು ಹೋದಳು. ಮಗು ಖುಷಿಯಾಗಿ ಸುಲಿದು ತಿಂದಿತು. ನಾನು ಅವಳ ತಲೆಗೆ ಸೆರಗು ಹೊದಿಸಿದೆ.

ಅತ್ತೆ ಒಂದು ದಾರಿ ಬಿಟ್ಟಿದ್ದಾರೆ. ದೀಪಾವಳಿಯಲ್ಲಿ ನಮ್ಮ ಮನೆಯವರ ಎದುರೇ ಹೇಳಿದರು: 'ಸೋದರಮಾವ ಬಂದು ತೊಡೆ ಮ್ಯಾಲೆ ಕೂಡ್ರಿಸ್ಕೊಂಡು ಕತ್ರಿ ಹಾಕ್ಲಿ, ನಾನು ಅಡ್ಡ ಬರಂಗಿಲ್ಲ. ತವರುಮನೆ ಹಕ್ಕು ಅದು, ಅಮ್ಮನೂ ಒಪ್ತಾಳೆ. ಐದು ವರ್ಷ ಆದ್ರೂ ಅವ ಬರ್ಲಿಲ್ಲ ಅಂದ್ರೆ, ಅಮ್ಮನೇ ಅವನನ್ನ ತಡೆದಾಳೆ ಅಂತ ಅರ್ಥ.'

ನಿನ್ನನ್ನು ಯಾವ ಅಮ್ಮನೂ ತಡೆದಿಲ್ಲ ಅಂತ ನನಗೆ ಈಗ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಹೇಳುತ್ತೇನೆ.

ಹೋದ ಸೋಮವಾರ ಭಟ್ಟಿಯಿಂದ ಬರುವಾಗ ತಾರಿಕ್‌ನ ಅಂಗಡಿಯ ಮುಂದೆ ನಿಂತೆ. ಒಳಗೆ ಹೋಗಲು ನಾಚಿಕೆ. ಜೆರಾಕ್ಸಿಗೆ ಬಂದ ಹುಡುಗಿಯರೆಲ್ಲ ಹೋಗುವ ತನಕ ಕಂಬದ ಹತ್ತಿರ ನಿಂತಿದ್ದೆ. ಅವನೇ ನೋಡಿ, 'ಆಶಕ್ಕ, ಕಂಬ ಬೀಳಂಗಿಲ್ಲ, ಬಿಟ್ಟು ಒಳಗೆ ಬರ್ರಿ' ಎಂದು ಕರೆದ.

'ಮಸ್ಕತ್ತಿಂದ ಇಲ್ಲಿಗೆ ಎಷ್ಟು ದೂರ ಐತೆ ತಾರಿಕ್?' ಎಂದೆ.

'ಇಲ್ಲಿಗೆ ವಿಮಾನ ಎಲ್ಲಿ ಬರ್ತದಕ್ಕ? ಬೆಂಗಳೂರಿಗೆ ನೋಡೋಣ ತಡೀರಿ' ಎಂದು ಕಂಪ್ಯೂಟರಿನಲ್ಲಿ ಒತ್ತಿದ. 'ಹಕ್ಕಿ ಹಾರಿದಂಗೆ ನೆಟ್ಟಗೆ ಹೋದ್ರೆ ಎರಡು ಸಾವಿರದ ಮುನ್ನೂರು ಚಿಲ್ರೆ ಕಿಲೋಮೀಟರ್.'

ಅಷ್ಟು ದೂರವೇ! ಎರಡು ದಿನ ಅಂದದ್ದು ಸುಳ್ಳಲ್ಲ, ನನ್ನ ಅಣ್ಣ ಸುಳ್ಳುಗಾರನಲ್ಲ ಎಂದು ಒಂದು ಗಳಿಗೆ ಎಷ್ಟು ಸಂತೋಷವಾಯಿತು ಗೊತ್ತಾ? ಒಂದೇ ಗಳಿಗೆ.

'ಮೂರೂವರೆ ತಾಸು' ಎಂದ ತಾರಿಕ್.

'ಏನು ಮೂರೂವರೆ ತಾಸು?'

'ಹಾರೋದು ಅಕ್ಕ. ನೀವು ಪ್ಯಾಸೆಂಜರ್ ರೈಲಿಗೆ ಬೆಂಗಳೂರಿಗೆ ಹೋಗೋದ್ರೊಳಗೆ ನಿಮ್ಮಣ್ಣ ಸಮುದ್ರ ದಾಟಿ ಬಂದು, ಕಾಲು ಚಾಚಿ ಕೂತಿರ್ತಾರೆ.'

ನಾನು ನಂಬಲಿಲ್ಲ. ಕಾಗದದ ಮೇಲೆ ಕೊಡು ಎಂದೆ. ಅವನು ಹೋಗುವ ಬರುವ ಎರಡೂ ವಿಮಾನದ ವೇಳೆ ಒಂದು ಹಾಳೆಯಲ್ಲಿ ತೆಗೆದುಕೊಟ್ಟ. ಮನೆಗೆ ತಂದು ಒಲೆಯ ಮುಂದೆ ಕೂತು ಬೆರಳು ಮಡಚಿ ಎಣಿಸಿದೆ. ಮಸ್ಕತ್ ಬಿಡುವುದು ಮಧ್ಯಾಹ್ನ ಒಂದು ನಲವತ್ತಕ್ಕೆ, ಬೆಂಗಳೂರು ಮುಟ್ಟುವುದು ಸಂಜೆ ಆರು ನಲವತ್ತಕ್ಕೆ. ಐದು ತಾಸು. ಅದೇ ಬೆಂಗಳೂರು ಬಿಡುವುದು ಎಂಟಕ್ಕೆ, ಮಸ್ಕತ್ ಮುಟ್ಟುವುದು ಹತ್ತೂಕಾಲಿಗೆ. ಎರಡೂಕಾಲು ತಾಸು. ಮೂರು ಸಲ ಎಣಿಸಿದರೂ ಅಷ್ಟೇ. ಬರಲು ಐದು, ಹೋಗಲು ಎರಡು.

ಅತ್ತೆಗೆ ತೋರಿಸಿದೆ. ಅವರೂ ಯೋಚನೆ ಮಾಡಿ, 'ಹೋಗ್ತಾ ಇಳಿಜಾರು ಇರ್ತದೇನೋ' ಅಂದರು. ನಮ್ಮ ಮನೆಯವರು, 'ಹೋಗ್ತಾ ಲೋಡು ಇರಂಗಿಲ್ಲ ಬಿಡವ್ವ, ಖಾಲಿ ಗಾಡಿ ಜೋರಾಗಿ ಓಡ್ತದೆ' ಅಂದರು. ನನಗೆ ಮಾತ್ರ ನಗು ಬರಲಿಲ್ಲ. ವಿಮಾನಕ್ಕೂ ನಿನ್ನ ಮನಸ್ಸು ಗೊತ್ತಿದೆ ಅನ್ನಿಸಿತು. ನಮ್ಮ ಕಡೆ ಬರುವಾಗ ಕಾಲು ಎಳೆಯುತ್ತದೆ, ನಮ್ಮನ್ನು ಬಿಟ್ಟು ಹೋಗುವಾಗ ಓಡುತ್ತದೆ.

ಮರುದಿನ ತಾರಿಕ್‌ಗೆ, 'ನಿನ್ನ ಕಂಪ್ಯೂಟರ್ ಕೆಟ್ಟೈತೆ' ಎಂದು ಜಗಳಕ್ಕೇ ನಿಂತೆ. ನಾನು ಜಗಳ ಮಾಡಿದ್ದು! ಅಲ್ಲೇ ಇದ್ದ ಅಮೀನಾಬೀ ಬಾಯಿಗೆ ಸೆರಗು ಹಿಡಿದು ನಕ್ಕರು. 'ಯಾ ಅಲ್ಲಾ, ಈ ಹುಡುಗಿಗೆ ಬಾಯಿ ಐತೆ!' ತಾರಿಕ್ ತಾಳ್ಮೆಯಿಂದ ಹೇಳಿದ. 'ಆಶಕ್ಕ, ಅಲ್ಲಿ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಓಡ್ತದೆ. ನಮಗೆ ಹತ್ತೂವರೆ ಆದ್ರೆ ಅವ್ರಿಗೆ ಒಂಬತ್ತು. ಬರ್ತಾ ಆ ಒಂದೂವರೆ ತಾಸು ಕೂಡ್ತದೆ, ಹೋಗ್ತಾ ಕಳೀತದೆ. ಗಾಳಿಯಿಂದ ಹತ್ತು ನಿಮಿಷ ಹೆಚ್ಚೂ ಕಮ್ಮಿ ಆಗ್ಬಹುದು. ದಾರಿ ಅಷ್ಟೇ.'

ದಾರಿ ಅಷ್ಟೇ, ಅಣ್ಣ. ನನಗೂ ಅರ್ಥವಾಯಿತು. ನಾನು ಭಟ್ಟಿಯಲ್ಲಿ ಮೊದಲ ಚೀಲಕ್ಕೆ ಕೈ ಹಾಕುವಾಗ ನೀನು ವಿಮಾನ ಹತ್ತಿದರೆ, ಮೂವತ್ತು ಚೀಲ ತುಂಬಿ ನಾನು ಊಟಕ್ಕೆ ಏಳುವ ಹೊತ್ತಿಗೆ ನೀನು ಇಳಿದಿರುತ್ತೀಯ. ತಾರಿಕ್ ಎಲ್ಲ ಹಿಡಿದು ಲೆಕ್ಕ ಹಾಕಿದ. ರೂಮು ಬಿಟ್ಟಾಗಿನಿಂದ ವಿಮಾನಕ್ಕೆ ಕಾಯುವುದು, ಹಾರುವುದು, ಪೆಟ್ಟಿಗೆ ಬಿಡಿಸಿಕೊಳ್ಳುವುದು, ಬೆಂಗಳೂರಿಂದ ಬಸ್ಸು, ಎಲ್ಲ ಸೇರಿ ಹದಿನಾರು ತಾಸು. ಹೆಚ್ಚು ಅಂದರೆ ಹದಿನೆಂಟು. ನೀನು ಹೇಳಿದ ಎರಡು ದಿನದಲ್ಲಿ ಉಳಿದದ್ದು ಎಲ್ಲಿ ಹೋಯಿತು?

ಮಂಗಳವಾರ ಇದನ್ನೇ ಫೋನಿನಲ್ಲಿ ಕೇಳಲು ಹೋದೆ. ಮೂರೂವರೆ ತಾಸಂತಲ್ಲಣ್ಣ ಎಂದಷ್ಟೇ ಅಂದೆ. ನೀನು ಏನಂದೆ? 'ನಾಲ್ಕನೇ ಕ್ಲಾಸು ಓದಿದೋಳಿಗೆ ಯಾಕ ಬೇಕು ವಿಮಾನದ ಲೆಕ್ಕ?' ನಿನ್ನ ಜೊತೆ ಕೂತಿದ್ದವರು ನಕ್ಕದ್ದು ನನಗೆ ಕೇಳಿಸಿತು.

ನಾಲ್ಕನೇ ಕ್ಲಾಸಿಗೆ ನಾನು ಯಾಕೆ ಬಿಟ್ಟೆ ಅಂತ ನಿನಗೆ ಮರೆತಿರಬಹುದು. ಅಪ್ಪ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಅವ್ವ ನಾಟಿಗೆ ಹೋಗಬೇಕು. ಅಪ್ಪನಿಗೆ ನೀರು ಕೊಡಲು ಮನೆಯಲ್ಲಿ ಒಬ್ಬರು ಇರಬೇಕಿತ್ತು. 'ಒಬ್ಬರು' ಅಂದರೆ ನಾನು ಎಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ, ಪುಸ್ತಕದ ಚೀಲ ತಾನಾಗಿ ಅಟ್ಟಕ್ಕೆ ಹೋಯಿತು. ನೀನು ಹರಿಹರಕ್ಕೆ ಐಟಿಐಗೆ ಹೋದೆ. ಕಿಟಕಿ ಕೂಡಿಸುವುದು ಕಲಿತೆ, ಸಮುದ್ರ ದಾಟಿದೆ. ನಾನು ಅದನ್ನು ಇವತ್ತಿನವರೆಗೆ ಎತ್ತಿ ಆಡಿಲ್ಲ. ಆಡಿಸಿದವನು ನೀನು.

ಈಗ ಕೇಳು. ನಾನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಭರತ ಹುಣ್ಣಿಮೆ ಫೆಬ್ರವರಿ ಒಂದಕ್ಕೆ. ಅದಕ್ಕೆ ಮುಂಚೆ, ಜನವರಿ ಇಪ್ಪತ್ತೆಂಟನೇ ತಾರೀಖು ಬುಧವಾರ, ಹರಿಹರದಲ್ಲಿ ಹೊಳೆಯ ಮೆಟ್ಟಿಲ ಹತ್ತಿರ ಬಾ. ನಾನು ಮಗುವನ್ನು ಕರೆದುಕೊಂಡು ಬಂದಿರುತ್ತೇನೆ. ನಮ್ಮ ಮನೆಗೆ ಬರುವುದು ಬೇಡ, ಊಟ ಮಾಡುವುದು ಬೇಡ, ನನ್ನ ಜೊತೆ ಮಾತಾಡದಿದ್ದರೂ ಸರಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೋ, ಒಂದು ಕುಚ್ಚು ಕತ್ತರಿಸು, ಎದ್ದು ಹೋಗು. ಅವತ್ತೇ ಸಂಜೆ ವಾಪಸ್ ಬಸ್ಸು ಹತ್ತು. ಸೀರೆ ತರಬೇಡ, ಬೆಳ್ಳಿ ಉಡಿದಾರ ತರಬೇಡ. ನನಗೆ ಬೇಕಾಗಿರುವುದು ನಿನ್ನ ತೊಡೆ ಮತ್ತು ನಿನ್ನ ಕೈ, ಅರ್ಧ ತಾಸು. ಅವ್ವ ಅಪ್ಪ ಇಬ್ಬರೂ ಹೋದ ಮೇಲೆ ನನಗೆ ತವರುಮನೆ ಅಂತ ಉಳಿದಿರುವುದು ನಿನ್ನ ಮೈ ಒಂದೇ. ಅದಕ್ಕೇ ಕೇಳುತ್ತಿದ್ದೇನೆ, ಇಲ್ಲದಿದ್ದರೆ ನಿನ್ನ ಹೆಸರೂ ಎತ್ತುತ್ತಿರಲಿಲ್ಲ.

ಬರದಿದ್ದರೆ, ಹುಣ್ಣಿಮೆಯ ದಿನ ಅತ್ತೆ ನನ್ನ ಮಗಳ ಕೈ ಹಿಡಿದು ಗುಡ್ಡ ಹತ್ತಿಸುವಾಗ ನಾನು ಒಬ್ಬಳೇ ಅಡ್ಡ ನಿಲ್ಲಬೇಕು. ಜನರ ಎದುರು ನಿಂತು ಮಾತಾಡುವುದು ನನ್ನಿಂದ ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ನಿನ್ನ ಮಗನನ್ನು ನಾನಿನ್ನೂ ನೋಡಿಲ್ಲ. ತೊಟ್ಟಿಲಿಗೆ ಹಾಕುವಾಗ ಹೆಸರು ಕೂಗಬೇಕಾದವಳು ಸೋದರತ್ತೆ, ಆದರೆ ಅವಸರದಲ್ಲಿ ಆಯಿತು ಅಂದಿರಿ, ಇರಲಿ. ನೋಡಬೇಕೆಂದು ಅತ್ತಿಗೆಯ ತವರು ಭಾನುವಳ್ಳಿಗೆ ಎರಡು ಸಲ ಹೊರಟೆ, ಎರಡು ಸಲವೂ ಅತ್ತಿಗೆ ಊರಲ್ಲಿಲ್ಲ ಅಂದರು. ಆ ಕೂಸಿಗೆ ಒಳ್ಳೆಯದಾಗಲಿ, ನೂರು ವರ್ಷ ಬಾಳಲಿ, ಅದರ ತಲೆಗೆ ಯಾವ ಕೆಟ್ಟ ಕಣ್ಣೂ ಬೀಳದಿರಲಿ. ನನ್ನ ಸಿಟ್ಟು ನಿನ್ನ ಮೇಲೆ, ಅದರ ಮೇಲಲ್ಲ.

ನೀನು ಹಿರಿಯ, ನಿನಗೆ ನಾನು ಆಶೀರ್ವಾದ ಮಾಡುವಂತಿಲ್ಲ. ನಿನ್ನ ಆಶೀರ್ವಾದವನ್ನು ನಾನು ಕೇಳುವುದೂ ಇಲ್ಲ.

ಇಂತಿ,
ಆಶಾರಾಣಿ

ತಾ.ಕ.: ಭಾನುವಾರ, ಬೆಳಿಗ್ಗೆ.

ಮೇಲೆ ಬರೆದ ಇಪ್ಪತ್ತೆಂಟನೇ ತಾರೀಖಿನ ಮೇಲೆ ಗೀಟು ಎಳೆದಿದ್ದೇನೆ. ಬರಬೇಡ.

ನಿನ್ನೆ ಸಂಜೆ ನಾಲ್ಕಕ್ಕೆ ಪಾಲಯ್ಯಣ್ಣ ಮನೆಗೆ ಬಂದಿದ್ದ, ಮಂಡಕ್ಕಿ ಚೀಲ ಪೆಟ್ಟಿಗೆಯಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಿಕೊಂಡು ಹೋಗಲು. ಇವತ್ತು ಮಧ್ಯಾಹ್ನ ಹೊರಡುವಾಗ ಒಯ್ಯುತ್ತಾನೆ. ಒಳ್ಳೆಯ ಮನುಷ್ಯ. ಕೂಡ್ರಿ ಎಂದು ಚಹಾ ಕೊಟ್ಟೆ. ಅತ್ತೆ ಸಿಂಚನಾಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದರು.

'ರಜೆ ಎಷ್ಟು ದಿನ ಇತ್ತಣ್ಣ?' ಎಂದು ಮಾತಿಗೆ ಕೇಳಿದೆ.

'ಒಂದು ತಿಂಗ್ಳವ್ವ. ನಿಮ್ಮಣ್ಣ ವಾಪಸ್ ಬರೋದನ್ನೇ ಕಾಯ್ತಾ ಕೂತಿದ್ದೆ ನೋಡು. ನಮ್ದು ಪಾಳಿ ರಜೆ. ಒಬ್ಬ ಬಂದು ಕೆಲಸಕ್ಕೆ ನಿಂತ್ರೇನೇ ಇನ್ನೊಬ್ಬನ್ನ ಬಿಡೋದು. ಅವ ಕಾರ್ತೀಕ ಮುಗಿಸ್ಕೊಂಡು ಬಂದ, ನಾನು ಹೊರಟೆ.'

'ಎಲ್ಲಿಂದ ವಾಪಸ್?'

'ಎಲ್ಲಿಂದ ಅಂದ್ರೆ? ಭಾನುವಳ್ಳಿಂದ. ಮಗನ ಜವಳಕ್ಕೆ ಬಂದಿದ್ನಲ್ಲ, ಹರಿಹರದ ಹೊಳ್ಯಾಗೆ ಮಾಡಿದ್ರಲ್ಲ. ಯಾಕವ್ವ, ನೀವು ಬಂದಿರ್ಲಿಲ್ವಾ?'

ಅವನು ಫೋನ್ ತೆಗೆದು ನೀನು ಕಳಿಸಿದ್ದ ಫೋಟೋ ತೋರಿಸಿದ. ನೀನು ಬಿಳಿ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೀಯ. ನಿನ್ನ ಮಗ ಅತ್ತಿಗೆಯ ತಮ್ಮನ ತೊಡೆಯ ಮೇಲೆ ಕೂತು ಅಳುತ್ತಿದ್ದಾನೆ. ಕಣ್ಣು ಅವ್ವನ ಹಾಗಿವೆ. ನೀನು ನಗುತ್ತಿದ್ದೀಯ. ನಿನ್ನ ಮಗನಿಗೆ ಸರಿಯಾಗಿ ಹನ್ನೊಂದು ತಿಂಗಳಿಗೆ ಸೋದರಮಾವ ಸಿಕ್ಕಿದ.

ನಾನು ಫೋನನ್ನು ವಾಪಸ್ ಕೊಡುವುದನ್ನು ಮರೆತು ಹಿಡಿದುಕೊಂಡೇ ಇದ್ದೆ. ಪಾಲಯ್ಯಣ್ಣನಿಗೆ ಎಲ್ಲ ಅರ್ಥವಾಯಿತು. ತಲೆ ತಗ್ಗಿಸಿ ಹೇಳಿದ: 'ತಪ್ಪು ತಿಳೀಬ್ಯಾಡವ್ವ. ನಿಮ್ಮ ಕೂಸಿನ ತಲೆ ಮ್ಯಾಲೆ ಅಮ್ಮ ಅದಾಳಂತಲ್ಲ. ಜಡೆ ಬಿಟ್ಟ ಕೂಸು ನಮ್ ಹಸುಗೂಸಿನ ಹತ್ರ ಬರೋದು ಬ್ಯಾಡ ಅಂತ ಅವರ ಬೀಗರ ಮನೆಯೋರು ಅಂದ್ರಂತೆ. ನಿಮ್ಮಣ್ಣ ಏನು ಮಾಡ್ಯಾನು? ಹೂಂ ಅಂದ.'

ಹೂಂ ಅಂದೆ. ನೀನು ಕತ್ತರಿ ಹಾಕಲು ಬರಲಿಲ್ಲ, ಅದಕ್ಕೇ ಅವಳ ತಲೆ ಜಡೆಯಾಯಿತು. ತಲೆ ಜಡೆಯಾಗಿದೆ ಅಂತ ನೀನು ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಹಾರಿ ಬಂದವನಿಗೆ ಹರಿಹರದಿಂದ ಇಲ್ಲಿಗೆ ಹದಿನಾಲ್ಕು ಕಿಲೋಮೀಟರ್ ದೂರವಾಯಿತು. ಅರ್ಧ ತಾಸಿನ ಬಸ್ಸು, ಅಣ್ಣ. ಹೋಗಲೂ ಅರ್ಧ ತಾಸು, ಬರಲೂ ಅರ್ಧ ತಾಸು, ಇಲ್ಲಿ ಯಾವ ಗಡಿಯಾರವೂ ಹಿಂದೆ ಮುಂದೆ ಇಲ್ಲ. ದೀಪಾವಳಿ ಕಳೆದು, ಅತ್ತೆ ಹೇಳಿದ್ದನ್ನು ನಾನು ನಿನಗೆ ಫೋನಿನಲ್ಲಿ ತಡವರಿಸಿ ಹೇಳಿದಾಗ ನೀನು ಭಾನುವಳ್ಳಿಯಲ್ಲೇ ಕೂತು ಕೇಳಿಸಿಕೊಂಡಿದ್ದೀಯ. 'ಇಲ್ಲಿ ಬಹಳ ಬಿಸಿಲು ಆಶಾ' ಅಂದೆ.

ಫೋಟೋದ ವಿಷಯ ನಾನು ಮನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ. ನಿನ್ನ ಮಾನ ಕಾಯಲು ಅಲ್ಲ, ಅಣ್ಣನೇ ಹೀಗೆ ಮಾಡಿದ ಎಂದು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ.

ಇವತ್ತು ಬೆಳಕು ಹರಿದ ಮೇಲೆ ಅಂಗಳದಲ್ಲಿ ಮಣೆ ಹಾಕಿ ಕೂತೆ. ಸಿಂಚನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಚೀಲದ ಹುರಿ ಕತ್ತರಿಸುವ ನನ್ನ ದೊಡ್ಡ ಕತ್ತರಿ ತೆಗೆದುಕೊಂಡೆ. ಅತ್ತೆ ಒಳಗಿಂದ ಓಡಿ ಬಂದರು.

'ಏಯ್, ಏನ್ಮಾಡ್ತೀಯೇ? ಮಾವ ಎಲ್ಲೇ?'

'ಬರಂಗಿಲ್ಲ ಅತ್ತೆ.'

'ಮತ್ತೆ ಯಾರ ತೊಡೆ?'

'ನಂದೇ. ತವರುಮನೆ ತೊಡೆ ಬೇಕು ಅಂದ್ರಲ್ಲ. ನಾನೂ ಅದೇ ಹೊಟ್ಟೆಯಾಗೆ ಹುಟ್ಟಿದೋಳು. ಅವನಿಗಿರೋ ರಕ್ತನೇ ನನಗೂ ಐತೆ.'

ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅತ್ತೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಬೈಯುತ್ತಾರೆ, ಕತ್ತರಿ ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಆದರೂ ಕತ್ತರಿಸಿದೆ. ಮೊದಲ ಜಡೆ ಬೀಳಲು ಬಹಳ ಹೊತ್ತು ಹಿಡಿಯಿತು, ಅಷ್ಟು ಗಟ್ಟಿ. ಎರಡನೆಯದಕ್ಕೆ ಬರುವಾಗ ಅತ್ತೆ ಬಂದು ಎದುರು ಕೂತು, ಮಗು ಅಲುಗದ ಹಾಗೆ ಎರಡೂ ಕೆನ್ನೆ ಹಿಡಿದುಕೊಂಡರು. ಅವರ ಬಾಯಿ ಏನೋ ಮಂತ್ರದ ಹಾಗೆ ಹೇಳಿಕೊಳ್ಳುತ್ತಿತ್ತು. ಕಿವಿಗೊಟ್ಟರೆ, 'ತಪ್ಪಾಯ್ತವ್ವ, ಕಾಯಿ, ತಪ್ಪಾಯ್ತವ್ವ, ಕಾಯಿ' ಅಷ್ಟೇ. ಮುಗಿದ ಮೇಲೆ ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಹೊಳೆಗೆ ಬಿಟ್ಟು ಬರುತ್ತೇನೆ ಎಂದು ಹರಿಹರದ ಬಸ್ಸಿಗೆ ಹೋಗಿದ್ದಾರೆ. ನಿನ್ನ ಮಗ ಕೂತಿದ್ದ ಮೆಟ್ಟಿಲಿಂದಲೇ ಬಿಡುತ್ತಾರೇನೋ, ನನಗೆ ಗೊತ್ತಿಲ್ಲ.

ಅವರು ಹೋದ ಮೇಲೆ ಮಗಳ ತಲೆಗೆ ನೀರು ಹಾಕಿದೆ. ಜಡೆಯಿದ್ದಾಗ ಒಂದು ಕೊಡವೂ ಸಾಲುತ್ತಿರಲಿಲ್ಲ, ಇವತ್ತು ಎರಡು ತಂಬಿಗೆ ಸಾಕಾಯಿತು.